ಫಸ್ಟ್ ಸಿಸೇರಿಯನ್, ಸೆಕೆಂಡ್ ನಾರ್ಮಲ್ ಟ್ರೈ ಮಾಡ್ಬೋದಾ? ಹೆರಿಗೆ ತವರಲ್ಲಾ ಬೆಂಗ್ಳೂರಲ್ಲಾ?

ಸಾಗರದ_ಹುಡುಗಿ

ಎಲ್ರಿಗೂ ನಮಸ್ತೆ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಂಗೆ ಈಗ 29 ವಾರ. ಮೊದಲನೇ ಮಗಳು ಸಿಸೇರಿಯನ್, ಅವಳಿಗೆ ಮೂರು ವರ್ಷ ತುಂಬಿತು. ಆಗ ಪಾಪು ಬ್ರೀಚ್ ಇತ್ತು, ತಲೆ ಮೇಲೆ ಕುಂಡೆ ಕೆಳಗೆ, ಕೊನೇವರೆಗೂ ತಿರುಗ್ಲೇ ಇಲ್ಲ, ನೋವು ಶುರುವಾಗೋಕೆ ಮುಂಚೆನೇ ಡೇಟ್ ಕೊಟ್ಟು ಆಪರೇಷನ್ ಮಾಡಿದ್ರು. ಅದರ ಬಗ್ಗೆ ನಂಗೆ ಬೇಜಾರಿಲ್ಲ, ಮಗು ಚೆನ್ನಾಗಿದ್ಲು. ಆದ್ರೆ ಆಮೇಲಿನ ದಿನಗಳು ಈಗ್ಲೂ ನೆನಪಿದೆ, ಮಗ್ಗುಲು ಬದಲಾಯ್ಸೋಕೂ ಅಮ್ಮನ್ನ ಕರೀಬೇಕಿತ್ತು, ಕೆಮ್ಮು ಬಂದ್ರೆ ದಿಂಬು ಹೊಟ್ಟೆಗೆ ಒತ್ತಿ ಹಿಡ್ಕೊಂಡು ಕೆಮ್ತಿದ್ದೆ. ಈ ಸಲ ಮನೇಲಿ ಇನ್ನೊಂದು ಚಿಕ್ಕದಿದೆ, ಎತ್ಕೋ ಅಂತ ಕೈ ಚಾಚ್ತಾಳೆ, ಅವಳನ್ನ ಆರು ವಾರ ಎತ್ಕೊಳ್ಳೋ ಹಾಗಿಲ್ಲ ಅಂದ್ರೆ ಹೆಂಗೆ ಅನ್ನೋದೇ ನಂಗೆ ದೊಡ್ಡ ಚಿಂತೆ.

ಈ ಸಲ ತಲೆ ಕೆಳಗಿದೆ ಅಂತ ಸ್ಕ್ಯಾನಲ್ಲಿ ಹೇಳಿದ್ರು. ನಾವಿರೋದು ಬೆಂಗ್ಳೂರಲ್ಲಿ, ಇಲ್ಲಿ ತೋರಿಸೋ ಮೇಡಂ ನೋಡೋಣ, ಎಲ್ಲಾ ಸರಿ ಇದ್ರೆ ನಾರ್ಮಲ್ ಟ್ರೈ ಮಾಡ್ಬೋದು ಅಂದ್ರು. ಆದ್ರೆ ಹೆರಿಗೆ ಬಾಣಂತನ ಎರಡೂ ತವರಲ್ಲೇ ಆಗ್ಬೇಕು ಅಂತ ಅಮ್ಮ, ನಮ್ಮೂರು ಸಾಗರದ ಹತ್ರ. ಹಬ್ಬಕ್ಕೆ ಹೋದಾಗ ಆ ಕಡೆ ಒಬ್ರು ಡಾಕ್ಟ್ರಿಗೆ ತೋರಿಸಿದ್ವಿ, ಅವ್ರು ಫೈಲ್ ಬಿಚ್ಚಿ ನೋಡೋ ಮುಂಚೆನೇ ಒಂದ್ಸಲ ಕೊಯ್ದಿದ್ರೆ ಮತ್ತೆ ಕೊಯ್ಯೋದೇ ಅಂದ್ಬಿಟ್ರು. ನಮ್ಮನೆಯವ್ರು ಗರ್ಭಕೋಶ ಒಡೆಯುತ್ತೆ ಅಂತ ಎಲ್ಲೋ ಓದಿ ನಿದ್ದೆ ಬಿಟ್ಟಿದ್ದಾರೆ. ಅತ್ತೆ ನಾರ್ಮಲ್ಲೇ ಆಗ್ಲಿ, ಬೇಗ ಎದ್ದು ಓಡಾಡ್ತೀಯಾ ಅಂತಾರೆ.

ನಿಮ್ಮಲ್ಲಿ ಯಾರಿಗಾದ್ರೂ ಸಿಸೇರಿಯನ್ ಆದ್ಮೇಲೆ ನಾರ್ಮಲ್ ಆಗಿದ್ಯಾ? ನಾರ್ಮಲ್ ಆದ್ಮೇಲೆ ನಿಜವಾಗ್ಲೂ ಬೇಗ ಚೇತರಿಸ್ಕೊಳ್ತೀವಾ, ಕೆಳಗಿನ ಹೊಲಿಗೆ ಬಗ್ಗೆ ಯಾರೂ ಬಾಯಿ ಬಿಟ್ಟು ಹೇಳಲ್ಲ. ದಯವಿಟ್ಟು ಮುಚ್ಚುಮರೆ ಇಲ್ದೆ ಹೇಳಿ.

---

ಕರಾವಳಿ_ಅಮ್ಮ

ನನ್ನದು ಎರಡನೇದು ವಿಬ್ಯಾಕ್, ಅಂದ್ರೆ ಸಿಸೇರಿಯನ್ ಆದ ಮೇಲೆ ನಾರ್ಮಲ್, ಮಂಗಳೂರಲ್ಲಿ ಆದದ್ದು. ಮೊದಲನೇದರಲ್ಲಿ ಮಗುವಿನ ಹಾರ್ಟ್‌ಬೀಟ್ ಇಳಿದು ಎಮರ್ಜೆನ್ಸಿ ಸಿಸೇರಿಯನ್ ಆಗಿತ್ತು. ಎರಡನೇದಕ್ಕೆ ನೋವು ತನ್ನಿಂದ ತಾನೇ ಶುರುವಾಯ್ತು, ಆಸ್ಪತ್ರೆಗೆ ಹೋದ ಕೂಡ್ಲೇ ಹೊಟ್ಟೆಗೆ ಬೆಲ್ಟ್ ಕಟ್ಟಿದ್ರು, ಸಿಟಿಜಿ ಅದು, ಮಗುವಿನ ಹೃದಯ ಬಡಿತ ಹೆರಿಗೆ ಆಗುವವರೆಗೂ ಬಿಡದೆ ನೋಡ್ತಾ ಇದ್ರು, ಕೈಗೆ ಸೂಜಿ ಹಾಕಿ ಇಟ್ಟಿದ್ರು, ನನಗೆ ಹೊಂದುವ ರಕ್ತ ನೋಡಿ (ಕ್ರಾಸ್ ಮ್ಯಾಚ್) ಇಟ್ಟಿದ್ರು. ಒಟಿ ಪಕ್ಕದ ಬಾಗಿಲು. ನಡುನಡುವೆ ಬಂದು ಹೊಲಿಗೆ ಇರುವ ಕಡೆ ನೋವುಂಟಾ, ನೋವು ಬಿಟ್ಟಾಗಲೂ ಅಲ್ಲಿ ನೋಯ್ತದಾ ಅಂತ ಕೇಳ್ತಿದ್ರು. ಆಗ ಅದು ಯಾಕೆ ಅಂತ ಗೊತ್ತಾಗ್ಲಿಲ್ಲ, ಗರ್ಭಕೋಶದ ಹಳೇ ಹೊಲಿಗೆ ಬಿಡ್ತಾ ಉಂಟಾ ಅಂತ ನೋಡ್ಲಿಕ್ಕೆ ಅಂತ ಆಮೇಲೆ ಗೊತ್ತಾಯ್ತು.

ಈಗ ನೀವು ಕೇಳಿದ ಹೊಲಿಗೆ ವಿಷಯ. ಮಾರನೇ ದಿನ ಎದ್ದು ಓಡಾಡಿದೆ, ಅದು ಸತ್ಯ. ಆದ್ರೆ ಕೂರ್ಲಿಕ್ಕೆ ಆಗ್ತಿರ್ಲಿಲ್ಲ. ನನಗೆ ಎಪಿಸಿಯೋಟಮಿ ಹಾಕಿದ್ರು, ಅಂದ್ರೆ ಮಗು ಬರ್ಲಿಕ್ಕೆ ಕೆಳಗೆ ಸ್ವಲ್ಪ ಕೊಯ್ದು ಆಮೇಲೆ ಹೊಲಿಯೋದು. ಹಾಲು ಕೊಡ್ಲಿಕ್ಕೆ ಕೂತ್ರೆ ಒಂದು ಕಡೆ ವಾಲಿ ಕೂರ್ಬೇಕು, ಮೊದಲ ವಾರ ಮಲಗಿಕೊಂಡೇ ಕೊಟ್ಟೆ. ಮೂತ್ರ ಮಾಡಿದ್ರೆ ಉರಿ, ಅದಕ್ಕೆ ಒಂದು ಮಗ್ ಉಗುರುಬೆಚ್ಚಗಿನ ನೀರು ಇಟ್ಕೊಂಡು ಮೂತ್ರ ಮಾಡುವಾಗಲೇ ಮೇಲಿಂದ ಹೊಯ್ಕೊಳ್ಳಿ, ಉರಿ ಅರ್ಧ ಕಡಿಮೆ ಆಗ್ತದೆ, ಇದನ್ನು ನನಗೆ ಹೇಳಿಕೊಟ್ಟದ್ದು ವಾರ್ಡಿನ ಆಯಾ. ಆಮೇಲೆ ಮೊದಲ ಸಲ ಲ್ಯಾಟ್ರಿನ್‌ಗೆ ಹೋಗೋದು, ಅದರ ಹೆದರಿಕೆ ಹೆರಿಗೆ ಹೆದರಿಕೆಗಿಂತ ದೊಡ್ಡದು ನನಗೆ. ಹೆದರಿ ತಡೆದು ಇಟ್ಕೊಂಡ್ರೆ ಇನ್ನೂ ಗಟ್ಟಿ ಆಗ್ತದೆ. ಡಾಕ್ಟ್ರು ಮೋಶನ್ ಮೆತ್ತಗಾಗುವ ಲ್ಯಾಕ್ಟುಲೋಸ್ ಸಿರಪ್ ಬರೆದಿದ್ರು, ರಾತ್ರಿ ತಗೊಳ್ತಿದ್ದೆ, ನೀರು ಸರಿಯಾಗಿ ಕುಡೀರಿ, ಹೊಲಿಗೆ ಬಿಚ್ಚಿ ಹೋಗೋದಿಲ್ಲ, ಒಂದು ಕ್ಲೀನ್ ಪ್ಯಾಡ್ ಮಡಚಿ ಮುಂದಿಂದ ಹೊಲಿಗೆಗೆ ಮೆಲ್ಲ ಒತ್ತಿ ಹಿಡಿದು ಕೂತ್ರೆ ಧೈರ್ಯ ಬರ್ತದೆ. ಐರನ್ ಮಾತ್ರೆಯಿಂದಲೂ ಮೋಶನ್ ಗಟ್ಟಿ ಆಗ್ತದೆ, ಅದನ್ನು ನೀವೇ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಹೇಳಿ.

ಇನ್ನೊಂದು, ಎರಡನೇ ಮಗುವಿಗೆ ಹಾಲು ಕೊಡುವಾಗ ಕಿಬ್ಬೊಟ್ಟೆ ಹಿಂಡ್ತದೆ, ಮೊದಲನೇದಕ್ಕಿಂತ ಜೋರು. ಗರ್ಭಕೋಶ ಕುಗ್ಗುವ ನೋವು ಅದು, ಕೆಲವು ದಿನ ಇದ್ದು ಹೋಗ್ತದೆ.

ದೊಡ್ಡವನನ್ನು ನಾನು ಎರಡನೇ ವಾರದಲ್ಲಿ ತೊಡೆ ಮೇಲೆ ಕೂರಿಸ್ಕೊಂಡೆ. ಸಿಸೇರಿಯನ್ ಆಗಿದ್ರೆ ಅಷ್ಟು ಬೇಗ ಆಗ್ತಿರ್ಲಿಲ್ಲ.

---

ಲೇಬರ್‌ವಾರ್ಡ್_ಸಿಸ್ಟರ್

ನಾನು ಸ್ಟಾಫ್ ನರ್ಸ್, ಲೇಬರ್ ವಾರ್ಡಲ್ಲೇ ನನ್ನ ಡ್ಯೂಟಿ. ನಿಮ್ಮನ್ನ ಕೈಯಿಟ್ಟು ನೋಡೋ ಡಾಕ್ಟ್ರು ಹೇಳಿದ್ದೇ ಕೊನೆ, ಆದ್ರೆ ಅವ್ರ ಹತ್ರ ಏನು ಕೇಳ್ಬೇಕು ಅಂತ ಗೊತ್ತಿರ್ಲಿ ಅಂತ ಬರೀತಿದೀನಿ.

ಮೊದಲು ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಸಿಗ್ಲಿಲ್ಲ ಅಂದ್ರೆ ಆ ಆಸ್ಪತ್ರೆ ಮೆಡಿಕಲ್ ರೆಕಾರ್ಡ್ಸ್‌ನಲ್ಲಿ ಅರ್ಜಿ ಕೊಟ್ಟು ಒಟಿ ನೋಟ್ಸ್ ಕಾಪಿ ತಗೊಳ್ಳಿ. ಎಲ್‌ಎಸ್‌ಸಿಎಸ್ ಅಂತಿದ್ರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದಿದ್ದಾರೆ ಅಂತ ಅರ್ಥ, ಸಾಮಾನ್ಯವಾಗಿ ಅದು ಅಡ್ಡ ಗೀಟು. ಹೊಟ್ಟೆ ಮೇಲೆ ಗುರುತು ಅಡ್ಡ ಇದೆ ಅಂದ ಮಾತ್ರಕ್ಕೆ ಒಳಗೂ ಅಡ್ಡ ಅಂತ ಹೇಳೋಕಾಗಲ್ಲ, ತುಂಬಾ ವಾರ ಮುಂಚೆ ಹುಟ್ಟಿದ ಮಗು, ಅಡ್ಡ ಮಲಗಿದ್ದ ಮಗು ಇಂಥ ಕೇಸಲ್ಲಿ ಒಳಗೆ ಉದ್ದಕ್ಕೆ ಕೊಯ್ದಿರ್ತಾರೆ, ಕೆಲವು ಸಲ ಅಡ್ಡ ಗೀಟು ಸಾಲದೆ ಟಿ ಆಕಾರಕ್ಕೆ ಬೆಳೆಸಿರ್ತಾರೆ. ಗರ್ಭಕೋಶದ ಮೇಲ್ಭಾಗದವರೆಗೆ ಉದ್ದ ಗೀಟು ಹೋಗಿದ್ರೆ ನಾರ್ಮಲ್ ಟ್ರೈ ಮಾಡಿಸಲ್ಲ, ಅದ್ರಲ್ಲಿ ಮಾತೇ ಇಲ್ಲ. ಒಂದ್ಸಲ ಸಿಸೇರಿಯನ್ ಆದ್ರೆ ಯಾವಾಗ್ಲೂ ಸಿಸೇರಿಯನ್ ಅನ್ನೋದು 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಅನ್ನೋ ಡಾಕ್ಟ್ರು ಬರೆದ ಮಾತು, ಆಗ ಕೊಯ್ತಿದ್ದಿದ್ದೇ ಹಾಗೆ ಉದ್ದಕ್ಕೆ. ಈಗಿನ ಕೆಳಭಾಗದ ಅಡ್ಡ ಗೀಟಿಗೆ ಆ ಮಾತನ್ನ ಹಾಗೇ ಅಂಟಿಸೋಕಾಗಲ್ಲ.

ನಿಮ್ಮ ಯಜಮಾನ್ರಿಗೆ ಇದನ್ನ ಓದಿ ಹೇಳಿ. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ ಆರ್‌ಸಿಒಜಿ 2015ರಲ್ಲಿ ಕೊಟ್ಟ ಗೈಡ್‌ಲೈನ್ ಪ್ರಕಾರ ಒಂದು ಸಿಸೇರಿಯನ್ ಆದ್ಮೇಲೆ ನಾರ್ಮಲ್‌ಗೆ ಪ್ಲಾನ್ ಮಾಡಿದವ್ರಲ್ಲಿ ನೂರಕ್ಕೆ 72ರಿಂದ 75 ಜನಕ್ಕೆ ಆಗುತ್ತೆ, ಮುಂಚೆ ಒಂದಾದ್ರೂ ನಾರ್ಮಲ್ ಆಗಿದ್ದವ್ರಿಗೆ 85ರಿಂದ 90. ಗರ್ಭಕೋಶದ ಹೊಲಿಗೆ ಬಿಡೋದು ಸುಮಾರು 200ರಲ್ಲಿ ಒಬ್ರಿಗೆ. 200ರಲ್ಲಿ 199 ಜನಕ್ಕೆ ಆಗಲ್ಲ ಅಂತಲೂ ಹೇಳ್ಬೋದು, ಆದ್ರೆ ಆಗೋ ಆ ಒಬ್ರಿಗೆ ನಿಮಿಷಗಳ ಲೆಕ್ಕದಲ್ಲಿ ಆಪರೇಷನ್ ಆಗ್ಬೇಕು, ಇಲ್ಲಾಂದ್ರೆ ಮಗುಗೂ ತಾಯಿಗೂ ಅಪಾಯ. ನೋವು ಬರಿಸೋ ಔಷಧಿ ಕೊಟ್ರೆ ಈ ರಿಸ್ಕ್ ಎರಡು ಮೂರು ಪಟ್ಟು ಆಗುತ್ತೆ, ಮಿಸೊಪ್ರೊಸ್ಟಾಲ್ ಮಾತ್ರೆ ಅಂತೂ ದಿನ ತುಂಬಿದ ಹಳೇ ಸಿಸೇರಿಯನ್ ಕೇಸಿಗೆ ಇಡೋ ಹಾಗೇ ಇಲ್ಲ. ಅದಕ್ಕೇ ನೋವು ತಾನಾಗಿ ಬರೋದನ್ನ ಕಾಯ್ತಾರೆ. ಮೊದಲ ಹೆರಿಗೆಗೂ ಇದಕ್ಕೂ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರ ಇದ್ರೂ ರಿಸ್ಕ್ ಜಾಸ್ತಿ, ನಿಮಗೆ ಆ ತೊಂದ್ರೆ ಇಲ್ಲ. ಬ್ರೀಚ್ ಅಂತ ಮಾಡಿದ ಸಿಸೇರಿಯನ್ ಆಗಿದ್ದೂ ಒಳ್ಳೇದೇ, ಆ ಕಾರಣ ಈ ಸಲ ಇರ್ಬೇಕು ಅಂತಿಲ್ಲ. ಆದ್ರೆ 29 ವಾರಕ್ಕೆ ತಲೆ ಕೆಳಗಿದೆ ಅಂತ ನಿಶ್ಚಿಂತೆ ಆಗ್ಬೇಡಿ, ಇನ್ನೂ ತಿರುಗೋಕೆ ಜಾಗ ಇದೆ, 36 ವಾರಕ್ಕೆ ಮತ್ತೆ ನೋಡ್ಬೇಕು.

ಕೆಲವು ಕಡೆ ಸ್ಕ್ಯಾನಲ್ಲಿ ಹಳೇ ಹೊಲಿಗೆ ಇಷ್ಟು ಮಿಲಿಮೀಟರ್ ತೆಳು ಅಂತ ಹೇಳಿ ಹೆದರಿಸ್ತಾರೆ. ಇಷ್ಟಕ್ಕಿಂತ ಕಡಿಮೆ ಇದ್ರೆ ಒಡೆಯುತ್ತೆ ಅಂತ ಎಲ್ರೂ ಒಪ್ಪಿದ ಅಳತೆ ಇಲ್ಲ. ಅದೊಂದೇ ನಂಬರ್ ಮೇಲೆ ನಿರ್ಧಾರ ಬೇಡ.

ಈಗ ತವರಾ ಬೆಂಗ್ಳೂರಾ ಅನ್ನೋದು. ನನ್ನ ಮನಸ್ಸಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ನೀವು ಹೆರಿಗೆ ಮಾಡಿಸ್ಕೊಳ್ಳೋ ಜಾಗದಲ್ಲಿ ರಾತ್ರಿ ಎರಡು ಗಂಟೆಗೂ ಒಟಿ ತೆರೆಯುತ್ತಾ, ಅನಸ್ತೇಷಿಯಾ ಡಾಕ್ಟ್ರು ಒಳಗೇ ಇರ್ತಾರಾ ಇಲ್ಲಾ ಫೋನ್ ಮಾಡಿ ಕರೆಸ್ಬೇಕಾ, ರಕ್ತ ಅಲ್ಲೇ ಸಿಗುತ್ತಾ, ಮಗುಗೆ ಎನ್‌ಐಸಿಯು, ಅಂದ್ರೆ ಆಗ ತಾನೇ ಹುಟ್ಟಿದ ಮಕ್ಕಳ ಐಸಿಯು ಇದ್ಯಾ. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್, ಹೊಲಿಗೆ ಬಿಟ್ಟಾಗ ಆಂಬುಲೆನ್ಸಲ್ಲಿ ಹೋಗೋ ದೂರ ಅಲ್ಲ ಅದು. ಸಣ್ಣ ಊರಿನ ಡಾಕ್ಟ್ರು ಮತ್ತೆ ಕೊಯ್ಯೋದೇ ಅಂದ್ರೆ ಎಷ್ಟೋ ಸಲ ಕಾರಣ ಇದೇ, ಅವ್ರಿಗೆ ಅಷ್ಟು ಹೊತ್ತಲ್ಲಿ ಕೈಗೆ ಜನ ಸಿಗಲ್ಲ. ಹೆರಿಗೆ ಬೆಂಗ್ಳೂರಲ್ಲಿ ಅಥವಾ ಶಿವಮೊಗ್ಗದಲ್ಲಿ ದೊಡ್ಡ ಆಸ್ಪತ್ರೇಲಿ ಮಾಡಿಸ್ಕೊಳ್ಳಿ, ಬಾಣಂತನಕ್ಕೆ ತವರಿಗೆ ಹೋಗಿ. ಅಮ್ಮನಿಗೆ ಇದನ್ನ ಹೇಳಿದ್ರೆ ಅರ್ಥ ಮಾಡ್ಕೊಳ್ತಾರೆ.

ಇನ್ನೊಂದು ಮಾತು. ಮತ್ತೆ ಸಿಸೇರಿಯನ್ನೇ ಅಂತ ನೀವು ತೀರ್ಮಾನ ಮಾಡಿದ್ರೂ ಅದು ತಪ್ಪಲ್ಲ, ಒಟ್ಟಾರೆ ಎರಡೂ ಸೇಫ್ ದಾರಿಗಳೇ. ಆದ್ರೆ ಮೂರನೇ ಮಗು ಬೇಕು ಅಂತಿದ್ರೆ ಯೋಚ್ನೆ ಮಾಡಿ, ಸಿಸೇರಿಯನ್ ಹೆಚ್ಚಾದಷ್ಟೂ ಮುಂದಿನ ಸಲ ಮಾಸು ಹಳೇ ಗೀಟಿಗೆ ಅಂಟ್ಕೊಂಡು ಬೆಳೆಯೋ ರಿಸ್ಕ್ ಏರುತ್ತೆ. ಅಕ್ರೀಟಾ ಅಂತಾರೆ, ಅದ್ರಲ್ಲಿ ಆಗೋ ರಕ್ತಸ್ರಾವ ನೋಡಿದವ್ರಿಗೇ ಗೊತ್ತು. ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇಲಿ (ಎನ್‌ಎಫ್‌ಎಚ್‌ಎಸ್) ನೂರಕ್ಕೆ 31.5 ಹೆರಿಗೆ ಸಿಸೇರಿಯನ್, ಅದರ ಹಿಂದಿನ ಸರ್ವೇಲಿ 23.6 ಇತ್ತು. ಹಾಗಾಗಿ ನಿಮ್ಮ ಹಾಗೆ ಎರಡನೇದಕ್ಕೆ ಏನ್ಮಾಡ್ಲಿ ಅಂತ ಕೇಳೋ ಹೆಣ್ಮಕ್ಕಳು ವಾರ್ಡಿಗೆ ದಿನಾ ಬರ್ತಾರೆ, ಕೇಳೋಕೆ ಸಂಕೋಚ ಬೇಡ.

---

ಧಾರವಾಡ_ಅಕ್ಕ

ಸಿಸ್ಟರ್ ಹೇಳಿದ್ದು ಖರೆ ಐತ್ರಿ. ನಂದು ಟ್ರೈ ಮಾಡಿ ಆಗ್ಲಿಲ್ಲ, ಅದನ್ನೂ ಯಾರರ ಹೇಳಬೇಕಲ್ಲ ಅಂತ ಬರ್ಯಾಕತ್ತೀನಿ. ನೋವು ತಾನಾಗೇ ಬಂತು, ಎಲ್ಲಾ ಚೊಲೋನ ನಡದಿತ್ತು, ಗರ್ಭಕೋಶದ ಬಾಯಿ ಎಂಟು ಸೆಂಟಿಮೀಟರ್ ತನಕ ತೆರೀತು, ಅಲ್ಲಿಂದ ಮುಂದ ಹೋಗಲೇ ಇಲ್ಲ, ಕೂಸಿನ ತಲಿ ಕೆಳಗ ಇಳಿಯಲಿಲ್ಲ. ರಾತ್ರಿ ಸಿಸೇರಿಯನ್ ಮಾಡೂಣು ಅಂದ್ರು. ಆವಾಗ ಗೊತ್ತಾತು, ಅನಸ್ತೇಷಿಯಾ ಡಾಕ್ಟರ್ ಆ ದವಾಖಾನ್ಯಾಗ ಇರಂಗಿಲ್ಲ, ಬ್ಯಾರೆ ಕಡಿಂದ ಬರಬೇಕು ಅಂತ. ಮದಲ ಕೇಳಿದ್ರ 24 ತಾಸೂ ಎಲ್ಲಾ ಐತಿ ಅಂದಿದ್ರು. ಅವರು ಬರೂತನಕ ನಾ ನೋವು ತಿಂದದ್ದು, ನಮ್ಮ ಅವ್ವ ಹೊರಗ ನಿಂತು ಅತ್ತದ್ದು, ಹೇಳಬಾರದ್ರಿ. ದೇವರ ದಯಾ, ಕೂಸು ಆರಾಮ ಐತಿ.

ನೋವು ತಿಂದ ಮ್ಯಾಲೆ ಆಗೂ ಸಿಸೇರಿಯನ್ ಡೇಟ್ ಕೊಟ್ಟು ಮಾಡೂದಕ್ಕಿಂತ ಭಾರಿ ಇರತೈತಿ, ಮೈಯಾಗ ಶಕ್ತೀನ ಉಳದಿರಂಗಿಲ್ಲ, ನನಗ ಹೊಲಿಗಿ ಇನ್ಫೆಕ್ಷನ್ ಆಗಿ ಡ್ರೆಸ್ಸಿಂಗ್ ಅಂತ ಅಡ್ಡಾಡಿದ್ವಿ. ಅಷ್ಟಾದ್ರೂ ಟ್ರೈ ಮಾಡಿದ್ದಕ್ಕ ನನಗ ಸಮಾಧಾನ ಐತಿ. ನೀವು ಮನಸ್ಸನ್ಯಾಗ ಎರಡಕ್ಕೂ ತಯಾರಾಗ್ರಿ. ಮನಿಯವರಿಗೂ ಮದಲ ಹೇಳಿ ಇಡ್ರಿ, ನಾರ್ಮಲ್ ಆಗಲಿಲ್ಲಂದ್ರ ಬಾಣಂತಿಗೆ ಮಾತು ಅನಬ್ಯಾಡ್ರಿ ಅಂತ. ನಮ್ಮ ಕಡೆ ಇದು ಭಾಳ, ನಿನ್ನ ಕಡೆ ನೋವು ತಿನ್ನಾಕ ಆಗಲಿಲ್ಲ ಅಂತಾರ. ಕೂಸಿನ ತಲಿ ತಿರುಗದಿದ್ರ ಹಡಿಯಾಕಿ ಏನ ಮಾಡಬೇಕ್ರಿ.

---

ಲೆಸ್ಟರ್_ಕನ್ನಡತಿ

ನಂದು ಉಲ್ಟಾ ಕೇಸ್. ನಾನಿರೋದು ಇಂಗ್ಲೆಂಡಲ್ಲಿ. ಮೊದಲನೇದೇ ನಾರ್ಮಲ್, ಫೋರ್ಸೆಪ್ಸ್ (ಇಕ್ಕಳದ ಥರದ್ದು) ಹಾಕಿ ತೆಗೆದ್ರು, ಥರ್ಡ್ ಡಿಗ್ರಿ ಟೇರ್ ಆಯ್ತು, ಅಂದ್ರೆ ಹರಿದಿದ್ದು ಗುದದ್ವಾರದ ಸ್ನಾಯುವರೆಗೂ ಹೋಗಿತ್ತು. ಥಿಯೇಟರ್‌ಗೆ ಕರ್ಕೊಂಡೋಗಿ ಬೆನ್ನಿಗೆ ಸ್ಪೈನಲ್ ಅನಸ್ತೇಷಿಯಾ ಕೊಟ್ಟು ಹೊಲಿದ್ರು, ಆಂಟಿಬಯಾಟಿಕ್ಸ್, ಮೋಶನ್ ಮೆತ್ತಗಾಗೋ ಔಷಧಿ, ಆಮೇಲೆ ಅಡಿಯ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡೋ ಪೆಲ್ವಿಕ್ ಫ್ಲೋರ್ ಫಿಸಿಯೋ ಹತ್ರ ಕಳ್ಸಿದ್ರು. ಮೊದಲ ಕೆಲವು ತಿಂಗಳು ಗ್ಯಾಸ್ ಬಂದ್ರೆ ತಡೆಯೋಕಾಗ್ತಿರ್ಲಿಲ್ಲ, ಲ್ಯಾಟ್ರಿನ್ ಬಂತು ಅಂದ್ರೆ ಓಡ್ಬೇಕಿತ್ತು, ಜನರ ಮಧ್ಯೆ ಹೋಗೋದೇ ಬಿಟ್ಟೆ. ಊರಿಗೆ ಫೋನ್ ಮಾಡಿದ್ರೆ ನಾರ್ಮಲ್ ಅಲ್ವಾ, ಅದೃಷ್ಟವಂತೆ ಅನ್ನೋರು. ಯಾರಿಗೆ ಹೇಳ್ಲಿ. ಫಿಸಿಯೋ ಹೇಳಿದ ವ್ಯಾಯಾಮ ಬಿಡದೆ ಮಾಡಿದೆ, ಈಗ ಚೆನ್ನಾಗಿದೀನಿ. ಸರಿಯಾಗಿ ಗುರುತಿಸಿ ಹೊಲಿದ್ರೆ ಒಂದು ವರ್ಷದ ಹೊತ್ತಿಗೆ ನೂರಕ್ಕೆ 60ರಿಂದ 80 ಜನಕ್ಕೆ ಯಾವ ತೊಂದ್ರೆನೂ ಉಳಿಯಲ್ಲ ಅಂತ ಇಲ್ಲಿ ಲೀಫ್‌ಲೆಟ್‌ನಲ್ಲಿ ಕೊಡ್ತಾರೆ.

ನಿಮಗೆ ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಮೊದಲನೇದು ಸಿಸೇರಿಯನ್ ಆಗಿದ್ರಿಂದ ಕೆಳಗಿನ ದಾರಿಗೆ ಇದೇ ಮೊದಲ ಹೆರಿಗೆ, ಎರಡನೇ ಹೆರಿಗೆ ಸಲೀಸು ಅಂತ ಹೇಳೋ ಮಾತು ನಿಮಗೆ ಅನ್ವಯ ಆಗಲ್ಲ. ವಿಬ್ಯಾಕ್‌ನಲ್ಲಿ ನೂರಕ್ಕೆ 5 ಜನಕ್ಕೆ ಈ ಥರ ದೊಡ್ಡ ಟೇರ್ ಆಗ್ಬೋದು, ಮಗು ತೂಕ ಜಾಸ್ತಿ ಇದ್ರೆ ಇನ್ನೂ. 35 ವಾರದಿಂದ ಪೆರಿನಿಯಲ್ ಮಸಾಜ್ ಮಾಡ್ಕೊಳ್ಳಿ, ಯೋನಿ ಬಾಗಿಲಲ್ಲಿ ಕ್ಲೀನ್ ಬೆರಳಿಂದ ಎಣ್ಣೆ ಹಚ್ಚಿ ಕೆಳಕ್ಕೂ ಪಕ್ಕಕ್ಕೂ ಮೆತ್ತಗೆ ಹಿಗ್ಗಿಸೋದು. ತಲೆ ಹೊರಗೆ ಬರೋ ಹೊತ್ತಲ್ಲಿ ಬಿಸಿನೀರಲ್ಲಿ ಅದ್ದಿದ ಬಟ್ಟೆ ಕೆಳಗೆ ಒತ್ತಿ ಹಿಡಿದ್ರೆ ದೊಡ್ಡ ಹರಿತ ಕಡಿಮೆ ಆಗುತ್ತೆ ಅಂತ ಸ್ಟಡಿಗಳಲ್ಲಿ ಚೆನ್ನಾಗಿ ಕಂಡಿದೆ, ನಿಮ್ಮ ಲೇಬರ್ ರೂಮಲ್ಲಿ ಮಾಡ್ತಾರಾ ಕೇಳಿ. ಹೊಲಿಗೆ ಹಾಕಿದ್ಮೇಲೆ ಎಷ್ಟನೇ ಡಿಗ್ರಿ ಅಂತ ಕೇಳಿ ಬರೆಸ್ಕೊಳ್ಳಿ. ಆಮೇಲೆ ಗ್ಯಾಸ್, ಮೋಶನ್, ಮೂತ್ರ ಏನೇ ಲೀಕ್ ಆದ್ರೂ ಹೆತ್ತ ಮೇಲೆ ಹೀಗೇ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ, ಅದಕ್ಕೆ ಟ್ರೀಟ್‌ಮೆಂಟ್ ಇದೆ.

ಎರಡನೇದಕ್ಕೆ ಇಲ್ಲಿ ಕನ್ಸಲ್ಟೆಂಟ್ ಜೊತೆ ಕೂತು ಮಾತಾಡಿ ನಾನು ಸಿಸೇರಿಯನ್ ತಗೊಂಡೆ. ನೀವು ಯಾವುದರಿಂದ ತಪ್ಪಿಸ್ಕೊಳ್ಬೇಕು ಅಂತಿದೀರೋ ಅದನ್ನ ನಾನು ಕೇಳಿ ಪಡೆದೆ. ಇಬ್ರದ್ದೂ ಸರಿನೇ ಅನ್ಸುತ್ತೆ ನಂಗೆ.

---

ಸಾಗರದ_ಹುಡುಗಿ

ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ, ಎಲ್ರಿಗೂ ಮನಸಾರೆ ಥ್ಯಾಂಕ್ಸ್. ಸಮ್ಮರಿ ಸಿಕ್ತು, ಎಲ್‌ಎಸ್‌ಸಿಎಸ್, ಬ್ರೀಚ್ ಅಂತಲೇ ಇದೆ, ಬೇರೆ ಏನೂ ಬರೆದಿಲ್ಲ. ನಮ್ಮನೆಯವ್ರು 200ರಲ್ಲಿ ಒಬ್ರು ಅನ್ನೋದನ್ನ ಓದಿ ಸ್ವಲ್ಪ ಉಸಿರು ಬಿಟ್ರು, ಆಮೇಲೆ ಅವ್ರೇ ಬೆಂಗ್ಳೂರು ಆಸ್ಪತ್ರೆಗೆ ಫೋನ್ ಮಾಡಿ ರಾತ್ರಿ ಅನಸ್ತೇಷಿಯಾ ಡಾಕ್ಟ್ರು ಒಳಗಿರ್ತಾರಾ ಅಂತ ಕೇಳಿದ್ರು, ಇರ್ತಾರಂತೆ. ಹೆರಿಗೆ ಇಲ್ಲೇ, ಆಮೇಲೆ ಊರಿಗೆ ಅಂತ ಅಮ್ಮನ್ನ ಒಪ್ಪಿಸಿದೀವಿ.

ಸಿಸ್ಟರ್, ಒಂದು ಪ್ರಶ್ನೆ. ಊರಲ್ಲಿ ಬಾಣಂತಿಗೆ ನೀರು ಜಾಸ್ತಿ ಕೊಡಲ್ಲ, ಹೊಟ್ಟೆ ದೊಡ್ಡದಾಗುತ್ತೆ ಅಂತ. ಹಳೇ ಸೀರೆ ಹರಿದು ಹೊಟ್ಟೆ ಬಿಗಿಯಾಗಿ ಕಟ್ತಾರೆ, ಸ್ನಾನ ಆದ್ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೆಳಗೆ ಹೊಗೆ ಹಿಡೀತಾರೆ. ಹೊಲಿಗೆ ಇದ್ರೆ ಇದೆಲ್ಲ ಮಾಡಿಸ್ಕೋಬೋದಾ? ಅಮ್ಮನ ಮನಸ್ಸು ನೋಯಿಸೋಕೂ ಇಷ್ಟ ಇಲ್ಲ.

---

ಲೇಬರ್‌ವಾರ್ಡ್_ಸಿಸ್ಟರ್

ಅಮ್ಮ ಮಾಡೋದ್ರಲ್ಲಿ ಬಹಳಷ್ಟು ಒಳ್ಳೇದೇ ಇದೆ, ರೆಸ್ಟು, ಬಿಸಿ ಊಟ, ಮೆಂತ್ಯೆ ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಮೈಗೆ ಎಣ್ಣೆ, ಮಗು ನೋಡ್ಕೊಳ್ಳೋಕೆ ಇನ್ನೊಂದು ಕೈ. ಅದೆಲ್ಲ ಇರ್ಲಿ. ನೀರು ಮಾತ್ರ ಕಡಿಮೆ ಮಾಡ್ಬೇಡಿ, ನೀರಿಲ್ದೆ ಇದ್ರೆ ಮೋಶನ್ ಗಟ್ಟಿ, ಮೂತ್ರದ ಇನ್ಫೆಕ್ಷನ್, ಕಾಲಿನ ರಕ್ತ ಹೆಪ್ಪುಗಟ್ಟೋ ಅಪಾಯ ಎಲ್ಲಾ ಬರುತ್ತೆ. ತಣ್ಣೀರು ಬೇಡ ಅಂದ್ರೆ ಜೀರಿಗೆ ಹಾಕಿ ಕಾಯಿಸಿದ ನೀರು ಕುಡೀರಿ, ಅಮ್ಮನಿಗೂ ಸಮಾಧಾನ. ಬಟ್ಟೆ ಸಡಿಲವಾಗಿ ಕಟ್ಟಿದ್ರೆ ಸೊಂಟಕ್ಕೆ ಹಿತ, ಉಸಿರು ಕಟ್ಟೋ ಹಾಗೆ ಬಿಗಿದ್ರೆ ಭಾರ ಪೂರ್ತಿ ಕೆಳಕ್ಕೆ ಒತ್ತುತ್ತೆ, ಹೊಲಿಗೆಗೂ ಅಡಿಯ ಸ್ನಾಯುಗೂ ಒಳ್ಳೇದಲ್ಲ. ಹೊಗೆ ಬೇಡವೇ ಬೇಡ, ಹೊಲಿಗೆ ಜಾಗ ಸುಟ್ಟುಕೊಂಡು ಬಂದವ್ರನ್ನ ನೋಡಿದೀನಿ, ಮಗು ಶ್ವಾಸಕೋಶಕ್ಕೂ ಕೆಟ್ಟದು. ಅದ್ರ ಬದಲು ಟಬ್‌ನಲ್ಲಿ ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂತು ಆಮೇಲೆ ಒತ್ತಿ ಒರೆಸಿ, ಉಜ್ಜಬೇಡಿ. ಹೊಲಿಗೆ ಮೇಲೆ ಬಿಸಿನೀರು ಎರಚಿ ಹೊಡೆಯೋದೂ ಬೇಡ.

ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲು ಕೊಡೋವಾಗ ತಗೋಬೋದು, ಡಾಕ್ಟ್ರು ಬರೆದ ಹಾಗೆ. ಸಹಿಸ್ಕೊಂಡು ಕೂರೋದು ಬೇಡ. ದಾರ ತಾನಾಗೇ ಕರಗುತ್ತೆ, ಎರಡು ಮೂರು ವಾರದಲ್ಲಿ ಕೂರೋದು ಸಲೀಸಾಗುತ್ತೆ. ಬ್ಲೀಡಿಂಗ್ ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಹಳದಿ ಬಿಳಿ ಆಗಿ ಆರು ವಾರದವರೆಗೂ ಇರ್ಬೋದು.

ಇವು ಕಂಡ್ರೆ ಮಾತ್ರ ಬಾಣಂತಿ ಹೊಸ್ತಿಲು ದಾಟಬಾರ್ದು ಅಂತ ಕೂರಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯೋದು, 100.4 ದಾಟಿದ ಜ್ವರ, ಕೆಟ್ಟ ವಾಸನೆ, ಹೊಲಿಗೆ ಬಾಯಿ ಬಿಟ್ಟು ಕೀವು, ಒಂದೇ ಮೀನಖಂಡ ಊದಿ ನೋಯೋದು, ಉಸಿರಾಟದ ತೊಂದ್ರೆ, ತಲೆನೋವಿನ ಜೊತೆ ಕಣ್ಣು ಮಂಜಾಗೋದು. ಕೊನೇದು ಬಿಪಿ ಏರಿದ್ದಕ್ಕೆ ಇರ್ಬೋದು, ಹೆರಿಗೆ ಆದ್ಮೇಲೂ ಏರುತ್ತೆ.

---

ಇಬ್ರು_ಮಕ್ಕಳ_ತಾಯಿ

ಮಧ್ಯ ಬಂದೆ, ಸಾರಿ. ನಂಗೆ ಎರಡೂ ಸಿಸೇರಿಯನ್, ಈಗ ಮೂರನೇದು ನಿಂತಿದೆ. ನಂಗೂ ನಾರ್ಮಲ್ ಟ್ರೈ ಮಾಡೋಕೆ ಆಗುತ್ತಾ ಸಿಸ್ಟರ್?

---

ಲೇಬರ್‌ವಾರ್ಡ್_ಸಿಸ್ಟರ್

ಸಾರಿ ಯಾಕೆ. ಎರಡು ಆದವ್ರಿಗೆ ಖಂಡಿತ ಇಲ್ಲ ಅಂತ ರೂಲ್ ಏನಿಲ್ಲ, ಆದ್ರೆ ರಿಸ್ಕ್ ಒಂದಾದವ್ರಿಗಿಂತ ಜಾಸ್ತಿ, ಸೀನಿಯರ್ ಪ್ರಸೂತಿ ತಜ್ಞರು ಎರಡೂ ಒಟಿ ನೋಟ್ಸ್ ನೋಡಿ ಹೇಳ್ಬೇಕು, ನಮ್ಮ ಕಡೆ ಒಪ್ಪೋ ಡಾಕ್ಟ್ರು ಕಡಿಮೆ. ನಿಮಗೆ ಅದಕ್ಕಿಂತ ಮುಂಚೆ ಆಗ್ಬೇಕಾದ ಕೆಲಸ ಮಾಸು ಎಲ್ಲಿದೆ ಅಂತ ಸ್ಕ್ಯಾನಲ್ಲಿ ನೋಡಿಸೋದು. ಹಳೇ ಗೀಟಿನ ಮೇಲೆ ಕೂತಿದ್ರೆ ಮುಂಚೆನೇ ಗೊತ್ತಾಗ್ಬೇಕು, ರಕ್ತ, ದೊಡ್ಡ ಆಸ್ಪತ್ರೆ ಎಲ್ಲಾ ರೆಡಿ ಇಟ್ಕೋಬೇಕಾಗುತ್ತೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಫ್ರೀ ಚೆಕಪ್ ಇರುತ್ತೆ, ದುಡ್ಡಿನ ಯೋಚ್ನೆ ಇದ್ರೆ ತಾಯಿ ಕಾರ್ಡ್ ತಗೊಂಡು ಅವತ್ತು ಹೋಗಿ, ಎರಡು ಸಿಸೇರಿಯನ್ ಆಗಿದೆ ಅಂತ ಮೊದಲೇ ಹೇಳಿ. ಎಷ್ಟು ವಾರ ಈಗ ನಿಮಗೆ?